ಬಾಗಿಲು ತೆರೆದರೆ ನಿಲ್ಲುವ ಸದ್ದು

ಊಟ ಮುಗಿಸಿ ನಾನು ಪಡಸಾಲೆಯ ಕುರ್ಚಿಯಲ್ಲಿ ಕಾಲು ಚಾಚಿ ಕೂತಿದ್ದೆ. ನನ್ನ ಹೆಂಡತಿ ಅಡುಗೆಮನೆಯ ಹೊಸ್ತಿಲ ಹತ್ತಿರ, ಅಲ್ಲಿ ನೆಲ ತಣ್ಣಗಿರುತ್ತದೆ ಎಂದು, ಚಾಪೆ ಹಾಸಿ ಮಲಗಿದ್ದಳು. ಏಪ್ರಿಲ್ ತಿಂಗಳ ಪುಣೆಯ ಮಧ್ಯಾಹ್ನ. ಕಿಟಕಿಯ ಹಳದಿ ಪರದೆಯೊಳಗಿಂದ ಸೋಸಿಬಂದ ಬಿಸಿಲು ನೆಲದ ಮೇಲೆ ಅಲ್ಲಾಡದೆ ಬಿದ್ದಿತ್ತು. ನಾನು ನಿದ್ದೆಗೂ ಎಚ್ಚರಕ್ಕೂ ನಡುವೆ ಎಲ್ಲೋ ಇದ್ದೆ. ಅವಳು ಕಣ್ಣು ಮುಚ್ಚಿಕೊಂಡೇ ಏನೋ ಅಂದಳು.

"ಏನಂದಿ?" ಎಂದು ಕೇಳಿದೆ.

"ಫ್ರಿಜ್‌ನ್ಯಾಗ ಗುಬ್ಬಿ ಕೂತದ ಅಂದೆ."

ಕನವರಿಸುತ್ತಿದ್ದಾಳೆ ಅಂದುಕೊಂಡು ನಾನು ಮತ್ತೆ ಕಣ್ಣು ಮುಚ್ಚಿದೆ. ಆದರೆ ಅವಳು ಎದ್ದು ಕೂತಳು. ಚಾಪೆಯ ಮೇಲೆ ಕೂತೇ ಫ್ರಿಜ್ಜಿನ ಕಡೆ ಮುಖ ತಿರುಗಿಸಿ ಸ್ವಲ್ಪ ಹೊತ್ತು ಕೇಳಿಸಿಕೊಂಡಳು.

"ಚಿಂವ್ ಚಿಂವ್ ಅನ್ನಲಿಕ್ಕತ್ತದ ನೋಡ್ರಿ. ಮರಿ ಅಂದಂಗ. ನಿಮಗ ಕೇಳಸವಲ್ತೇನು?"

ನನಗೆ ಕೇಳಿಸುತ್ತಿದ್ದದ್ದು ಫ್ರಿಜ್ಜಿನ ಎಂದಿನ ಗುಂಯ್‌ಗುಡುವಿಕೆ ಮಾತ್ರ. ಅದರಾಚೆ ಏನೂ ಇರಲಿಲ್ಲ.

"ಏನಿಲ್ಲ, ಮಲಗು" ಎಂದೆ.

ನಾವಿಬ್ಬರೂ ಧಾರವಾಡದ ಕಡೆಯವರು. ಮದುವೆಯಾದ ಹೊಸದರಲ್ಲೇ ಪುಣೆಗೆ ಬಂದು ಇಲ್ಲಿಯವರೇ ಆಗಿಹೋದೆವು. ಅವಳು ಶಿವಾಜಿನಗರದಲ್ಲಿ, ಕೋರ್ಟಿನ ಎದುರಿನ ಒಬ್ಬ ವಕೀಲರ ಕಚೇರಿಯಲ್ಲಿ ಟೈಪಿಸ್ಟಳಾಗಿದ್ದಳು. ನಾನು ಕುರಕುಂಭದ ಒಂದು ರಾಸಾಯನಿಕ ಕಾರ್ಖಾನೆಯಲ್ಲಿದ್ದೆ. ಹಡಪಸರದಿಂದ ಕಂಪನಿಯ ಬಸ್ಸು ಹಿಡಿದು ಹೋಗುವುದು, ಪಾಳಿ ಮುಗಿಸಿ ಅದೇ ಬಸ್ಸಿನಲ್ಲಿ ತೂಕಡಿಸುತ್ತ ಬರುವುದು. ನನ್ನ ಅರ್ಧ ಆಯುಷ್ಯ ಆ ರಸ್ತೆಯ ಮೇಲೆಯೇ ಕಳೆಯಿತು. ನಾನು ಮನೆಯಲ್ಲಿದ್ದಾಗ ಅವಳು ಕಚೇರಿಯಲ್ಲಿ, ಅವಳು ಮನೆಯಲ್ಲಿದ್ದಾಗ ನಾನು ಪಾಳಿಯಲ್ಲಿ. ಇಬ್ಬರೂ ಹೆಚ್ಚುಕಡಿಮೆ ಒಟ್ಟಿಗೆ ನಿವೃತ್ತರಾದ ಮೇಲೆಯೇ ನಮ್ಮ ಮನೆಗೂ ಮಧ್ಯಾಹ್ನ ಎಂಬುದೊಂದು ಉಂಟು ಎಂದು ನಮಗೆ ಗೊತ್ತಾದದ್ದು. ಅದು ನಿಧಾನವಾಗಿ, ಬೆಲ್ಲದ ಪಾಕದಂತೆ ಹರಿಯುತ್ತಿತ್ತು. ಅದರೊಳಗೆ ಇಬ್ಬರೂ ಸ್ವಲ್ಪ ಸಂಕೋಚದಿಂದಲೇ, ಹೊಸದಾಗಿ ಪರಿಚಯವಾದವರ ಹಾಗೆ ಇದ್ದೆವು.

ಕಾರ್ಖಾನೆಯಲ್ಲಿ ನನ್ನ ಕೆಲಸ ತಣಿಸುವ ವಿಭಾಗದಲ್ಲಿ. ಉಪ್ಪುನೀರನ್ನು ಹಿಮಕ್ಕಿಂತ ತಣ್ಣಗೆ ಮಾಡಿ ಕಾರ್ಖಾನೆಯ ಪೈಪುಗಳಲ್ಲೆಲ್ಲ ಓಡಿಸುವುದು. ಮನೆಯ ಫ್ರಿಜ್ಜು ಮಾಡುವ ಕೆಲಸವನ್ನೇ ಅಲ್ಲಿ ಒಂದು ಕೋಣೆಯಷ್ಟು ದೊಡ್ಡದಾದ ಕಂಪ್ರೆಸರುಗಳು ಮಾಡುತ್ತಿದ್ದವು. ಹೊರಗೆ ಬೆಂಕಿಯಂಥ ಬಿಸಿಲಿದ್ದಾಗಲೂ ಆ ಪೈಪುಗಳ ಮೇಲೆ ಬಿಳಿಯ ಹಿಮ ಹೂವಿನ ಹಾಗೆ ಅರಳಿ ಕೂತಿರುತ್ತಿತ್ತು. ಕಿವಿಗೆ ಹಾಕಿಕೊಳ್ಳಲು ಕೊಟ್ಟ ಬಿರಡೆಗಳನ್ನು ನಾನು ಅಂಗಿಯ ಕಿಸೆಯಲ್ಲಿಟ್ಟುಕೊಂಡು ತಿರುಗುತ್ತಿದ್ದೆ. ಕಿವಿ ಮುಚ್ಚಿದರೆ ಯಂತ್ರದ ಮಾತು ಕೇಳುವುದು ಹೇಗೆ? ಯಾವ ಬೇರಿಂಗು ಸವೆಯುತ್ತಿದೆ, ಯಾವ ಪಟ್ಟಿ ಸಡಿಲವಾಗಿದೆ ಎಂದು ಸದ್ದಿನಿಂದಲೇ ಹೇಳುತ್ತಿದ್ದೆ. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಯಂತ್ರಕ್ಕೆ ತಾಗಿಸಿ, ಹಿಡಿಕೆಯನ್ನು ಕಿವಿಯ ಹಿಂದಿನ ಎಲುಬಿಗೆ ಒತ್ತಿಕೊಂಡು ನಿಂತರೆ, ಒಳಗೆ ನಡೆಯುವುದೆಲ್ಲ ತಲೆಯೊಳಗೇ ನಡೆಯುತ್ತಿದೆಯೇನೋ ಅನ್ನಿಸುತ್ತಿತ್ತು. ದೊಡ್ಡ ಎಂಜಿನಿಯರರೂ ಯಂತ್ರ ನಿಲ್ಲಿಸುವ ಮೊದಲು ನನ್ನನ್ನು ಕರೆಸಿ ಕೇಳುವುದಿತ್ತು. ಆ ಹೆಮ್ಮೆ ನನಗಿತ್ತು.

ಹಾಗಾಗಿ, ಮಾರನೆಯ ದಿನವೂ ಅವಳು ಗುಬ್ಬಿಯ ಮಾತು ಎತ್ತಿದಾಗ ನಾನು ದೊಡ್ಡ ಜಾಣನಂತೆ ಎದ್ದು ಅಡುಗೆಮನೆಗೆ ಹೋದೆ.

ಫ್ರಿಜ್ಜಿಗೆ ತನ್ನದೇ ಆದ ಸದ್ದುಗಳಿರುತ್ತವೆ ಎಂದು ಅವಳಿಗೆ ವಿವರಿಸಿದೆ. ಕಂಪ್ರೆಸರು ಶುರುವಾಗುವಾಗ ಟಕ್ ಅನ್ನುತ್ತದೆ. ನಿಂತಾಗ ಮೈ ಕೊಡವಿಕೊಂಡ ಹಾಗೆ ಒಮ್ಮೆ ನಡುಗುತ್ತದೆ. ಸಣ್ಣ ನಳಿಗೆಯಲ್ಲಿ ಗ್ಯಾಸು ಓಡುವಾಗ ಹೊಟ್ಟೆಯಲ್ಲಿ ನೀರಾಡಿದಂತೆ ಗೊಳಗೊಳ ಅನ್ನುತ್ತದೆ. ಒಳಗಿನ ಪ್ಲಾಸ್ಟಿಕ್ಕು ತಣ್ಣಗಾಗಿ ಕುಗ್ಗುವಾಗ ಚಟ್ಟೆಂದು ಸಿಡಿಯುವುದೂ ಉಂಟು. ಇವು ಯಾವುವೂ ರೋಗವಲ್ಲ. ಅವಳು ಸೆರಗಿಗೆ ಕೈ ಒರೆಸಿಕೊಳ್ಳುತ್ತ ಎಲ್ಲವನ್ನೂ ತಾಳ್ಮೆಯಿಂದ ಕೇಳಿದಳು.

ಆಮೇಲೆ ಸದ್ದು ಕಡಿಮೆ ಮಾಡುವ ಕೆಲಸಕ್ಕೆ ಕೈಹಚ್ಚಿದೆ. ಫ್ರಿಜ್ಜಿನ ತಲೆಯ ಮೇಲೆ ಒಂದರ ಮೇಲೊಂದು ಪೇರಿಸಿದ್ದ ಸ್ಟೀಲಿನ ಡಬ್ಬಿಗಳನ್ನು ಇಳಿಸಿದೆ. ಹಿಂಬದಿ ಗೋಡೆಗೆ ಹತ್ತಿಕೊಂಡಿತ್ತು. ಒಂದು ಗೇಣು ಮುಂದಕ್ಕೆ ಎಳೆದೆ. ಒಂದು ಕಾಲು ನೆಲಕ್ಕೆ ಸರಿಯಾಗಿ ಊರಿರಲಿಲ್ಲ, ತಿರುಗಿಸಿ ಸರಿಮಾಡಿದೆ. ಹಿಂದಿದ್ದ ಧೂಳನ್ನೆಲ್ಲ ಬ್ರಷ್ಷಿನಿಂದ ತೆಗೆದೆ. ಯಾವಾಗಲೋ ಕಳೆದುಹೋಗಿದ್ದ ಒಂದು ಬೆಳ್ಳಿಯ ಕಾಲುಂಗುರ ಅಲ್ಲಿ ಸಿಕ್ಕಿತು. ಅವಳು ಅದನ್ನು ಅಂಗೈಯಲ್ಲಿಟ್ಟುಕೊಂಡು ನೋಡಿ ನಕ್ಕಳು. ಫ್ರಿಜ್ಜಿನ ಗುಂಯ್‌ಗುಡುವಿಕೆ ನಿಜಕ್ಕೂ ಅರ್ಧಕ್ಕರ್ಧ ಇಳಿಯಿತು.

"ಹೆಂಗನಸ್ತದ ಈಗ?" ಎಂದು ಕೇಳಿದೆ.

ಅವಳು ತಲೆ ಓರೆ ಮಾಡಿ ಕೇಳಿಸಿಕೊಂಡಳು. "ಗದ್ದಲ ಕಡಿಮಿ ಆತು. ಖರೆ. ಆದರ ಅದು ಅಲ್ಲರಿ ನಾ ಹೇಳೂದು. ಈಗ ಗುಬ್ಬಿ ಇನ್ನೂ ಛೊಲೊ ಕೇಳಸ್ತದ."

"ಎಲ್ಲೆದ? ತೋರಿಸು."

ಅವಳು ಹೋಗಿ ಬಾಗಿಲು ತೆರೆದಳು. ಒಳಗಿನ ದೀಪ ಹತ್ತಿತು. ತಂಪು ಗಾಳಿ ಹೊಗೆಯ ಹಾಗೆ ನಮ್ಮ ಕಾಲಮೇಲೆ ಇಳಿಯಿತು. ಇಬ್ಬರೂ ಬಗ್ಗಿ ನೋಡಿದೆವು. ಹಾಲು, ಮೊಸರು, ಕೊತ್ತಂಬರಿ, ಸಣ್ಣ ಬಟ್ಟಲಲ್ಲಿ ಹಿಂದಿನ ದಿನದ ಪಲ್ಯ.

"ಈಗ ಸುಮ್ಮಾತು" ಎಂದಳು ಅವಳು. "ಬಾಗಲಾ ತಗದರ ಬಾಯಿ ಮುಚ್ಚತದ. ಹಾಕಿದ್ರ ಮತ್ತ ಶುರು ಮಾಡತದ."

ನೋಡಲು ಹೋದರೆ ನಿಲ್ಲುವ ಸದ್ದು, ಬೆನ್ನು ತಿರುಗಿಸಿದರೆ ಶುರುವಾಗುವ ಸದ್ದು. ನನಗದು ಸದ್ದೇ ಅಲ್ಲ ಅನ್ನಿಸಿತು. ಒಬ್ಬ ರಿಪೇರಿಯವನನ್ನೂ ಕರೆಸಿದೆವು. ಅವನು ಬಂದ ಹೊತ್ತಿಗೆ ಫ್ರಿಜ್ಜು ತನ್ನಷ್ಟಕ್ಕೆ ನಿಂತು ವಿಶ್ರಾಂತಿ ಪಡೆಯುತ್ತಿತ್ತು. ಬಾಗಿಲು ತೆರೆದ, ಮುಚ್ಚಿದ, ಹಿಂದೆ ಕೈಯಾಡಿಸಿದ. ಸ್ವಲ್ಪ ಸದ್ದು ಇದ್ದೇ ಇರುತ್ತದೆ ಎಂದು ಮರಾಠಿಯಲ್ಲಿ ಹೇಳಿ, ನಾನು ಕೊಟ್ಟ ಚಹಾ ಕುಡಿದು ಹೋದ. ಅವನು ಮೆಟ್ಟಿಲು ಇಳಿಯುತ್ತಿದ್ದಂತೆ ಗುಬ್ಬಿ ಮತ್ತೆ ಕೂಗಿತು ಎಂದು ಇವಳು ಹೇಳಿದಳು.

ಆ ಸಂಜೆ ನಾನು ಒಂದು ಮಾತು ಆಡಿದೆ. ಒಳ್ಳೆಯ ಮನಸ್ಸಿನಿಂದಲೇ ಆಡಿದೆ.

"ಇಷ್ಟ ವರ್ಷ ಹೊರಗ ದುಡದಾಕಿ ನೀ. ಈಗ ಮನ್ಯಾಗ ಕೂತು ಕೂತು ಹಿಂಗಾಗಿರಬೇಕು. ಸೊಸಾಯಿಟಿ ಹೆಂಗಸರ ಜೋಡಿ ಭಜನಿಗೆ ಹೋಗಬಾರದೇನು?"

ಅವಳು ಜೋಳದ ಹಿಟ್ಟು ನಾದುತ್ತಿದ್ದಳು. ಕೈ ನಿಂತಿತು.

"ನನಗ ತಲಿ ಕೆಟ್ಟದ ಅಂತೀರೇನು?"

"ಹಂಗಲ್ಲ..."

"ಇರಲಿ ಬಿಡ್ರಿ."

ಆಮೇಲೆ ಅವಳು ಗುಬ್ಬಿಯ ಮಾತು ಎತ್ತಲಿಲ್ಲ. ಮಧ್ಯಾಹ್ನದ ಚಾಪೆಯನ್ನು ಅಡುಗೆಮನೆಯ ಹೊಸ್ತಿಲಿನಿಂದ ಒಳಕೋಣೆಗೆ ಒಯ್ದಳು. ಪಡಸಾಲೆಯಲ್ಲಿ ನಾನು, ಅಡುಗೆಮನೆಯಲ್ಲಿ ಫ್ರಿಜ್ಜು, ಇಬ್ಬರೇ ಉಳಿದೆವು. ಮಾತಿಲ್ಲದ ಮನೆಯಲ್ಲಿ ನಿದ್ದೆ ಬೇಗ ಬರುತ್ತದೆ, ಆದರೆ ಆಳವಾಗಿ ಬರುವುದಿಲ್ಲ. ಆ ದಿನಗಳಲ್ಲಿ ನನಗೆ ಒಂದೇ ಕನಸು ತಿರುತಿರುಗಿ ಬೀಳುತ್ತಿತ್ತು. ನಾನು ಕಾರ್ಖಾನೆಯಲ್ಲಿದ್ದೇನೆ. ಪೈಪುಗಳ ಮೇಲಿನ ಹಿಮ ಬೆಳೆದು ಬೆಳೆದು ಚಾವಣಿಯನ್ನು ಮುಟ್ಟಿದೆ, ಅದರೊಳಗಿಂದ ನೀಲಿ ಬೆಳಕು ಬರುತ್ತಿದೆ. ಯಂತ್ರಗಳೆಲ್ಲ ತಿರುಗುತ್ತಿವೆ, ಒಂದಕ್ಕೂ ಸದ್ದಿಲ್ಲ. ಜೊತೆಗಾರರು ಬಾಯಿ ಅಲ್ಲಾಡಿಸಿ ನನಗೇನೋ ಹೇಳುತ್ತಿದ್ದಾರೆ. ನಾನು ನಗುನಗುತ್ತ ಹೂಂಗುಟ್ಟುತ್ತಿದ್ದೇನೆ. ಹೆದರಿಕೆಯ ಕನಸಲ್ಲ ಅದು. ಬಹಳ ಹಾಯಾಗಿತ್ತು. ಎಚ್ಚರವಾದಾಗ ಪರದೆಯ ಬಿಸಿಲು ಸ್ವಲ್ಪ ಸರಿದಿರುತ್ತಿತ್ತು, ಅಷ್ಟೇ.

ನಮ್ಮ ಅಡುಗೆಮನೆಯ ಗೋಡೆಯ ಆಚೆಗೆ ಒಬ್ಬ ಮರಾಠಿ ಮುದುಕಿಯ ಮನೆ. ನಮಗಿಂತ ಬಹಳ ಹಿರಿಯರು. ನಾವಿಬ್ಬರೂ ಅವರನ್ನು ಆಜಿ ಎನ್ನುತ್ತೇವೆ. ಚೈತ್ರದಲ್ಲಿ ಮಾವಿನಕಾಯಿ ತುರಿದು ಹಾಕಿದ ಕಡಲೆಬೇಳೆಯ ಡಾಳ ಮಾಡಿ ಬಟ್ಟಲಲ್ಲಿ ತಂದುಕೊಡುವುದು ಅವರ ವರ್ಷದ ಪದ್ಧತಿ. ಆ ಸಲವೂ ತಂದರು. ಬಟ್ಟಲನ್ನು ನನ್ನ ಕೈಗೆ ಕೊಟ್ಟು, ಒಳಗೆ ಇಣುಕಿ ನೋಡಿ, ಮೆಲ್ಲಗೆ ಕೇಳಿದರು:

"ಕಾಯ್ ಹೋ, ಪಕ್ಷೀ ಪಾಳಲಾಯ್ ಕಾ ಘರೀ?"

ಮನೆಯಲ್ಲಿ ಹಕ್ಕಿ ಸಾಕಿದ್ದೀರಾ ಎಂದು ಅವರ ಪ್ರಶ್ನೆ. ಯಾಕೆ ಹಾಗೆ ಕೇಳಿದಿರಿ ಎಂದೆ. ಮಧ್ಯಾಹ್ನ ದೇವರಕೋಣೆಯಲ್ಲಿ ಜಪಕ್ಕೆ ಕೂತಾಗ ಗೋಡೆಯ ಆಚೆಯಿಂದ ಮರಿಹಕ್ಕಿಯ ಕೂಗು ಕೇಳಿಸುತ್ತದೆ, ಬಹಳ ಇಂಪಾಗಿದೆ, ಆದರೆ ಪಾಪ ಅದಕ್ಕೆ ನೀರು ಸರಿಯಾಗಿ ಇಡುತ್ತೀರೋ ಇಲ್ಲವೋ ಎಂದು ಚಿಂತೆಯಾಯಿತು ಎಂದರು.

ನಾನು ತಿರುಗಿ ನೋಡಿದೆ. ನನ್ನ ಹೆಂಡತಿ ಒಳಕೋಣೆಯ ಬಾಗಿಲಲ್ಲಿ ನಿಂತಿದ್ದಳು. ಗೆದ್ದ ಕಳೆ ಅವಳ ಮುಖದಲ್ಲಿರಲಿಲ್ಲ. ಅವಳು ನನ್ನನ್ನೇ ನೋಡುತ್ತಿದ್ದಳು. ಜಾತ್ರೆಯಲ್ಲಿ ಕೈಬಿಟ್ಟುಹೋದ ಮಗುವನ್ನು ದೂರದಿಂದ ಕಂಡವರು ನೋಡುತ್ತಾರಲ್ಲ, ಹಾಗೆ.

ಆಜಿ ಹೋದ ಮೇಲೆ ನಾನು ಅಟ್ಟದಿಂದ ಹಳೆಯ ಸಲಕರಣೆ ಚೀಲ ಇಳಿಸಿ ಉದ್ದನೆಯ ಸ್ಕ್ರೂಡ್ರೈವರು ಹುಡುಕಿ ತೆಗೆದೆ. ಅದರ ಮರದ ಹಿಡಿಕೆ ನನ್ನ ಅಂಗೈಯ ಬೆವರಿಗೆ ಕಪ್ಪಾಗಿತ್ತು. ಫ್ರಿಜ್ಜಿನ ಬಾಗಿಲು ಮುಚ್ಚಿ, ಬದಿಯ ತಗಡಿಗೆ ತುದಿ ತಾಗಿಸಿ, ಹಿಡಿಕೆಯನ್ನು ಕಿವಿಯ ಹಿಂದೆ ಒತ್ತಿಕೊಂಡೆ. ಕಣ್ಣು ಮುಚ್ಚಿದೆ.

ಮೊದಲು ಕಂಪ್ರೆಸರು ಸಿಕ್ಕಿತು. ದಪ್ಪನೆಯ, ದುಂಡನೆಯ ಸದ್ದು. ಆಳದ ಬಾವಿಗೆ ಬಾಯಿಟ್ಟು ಯಾರೋ ಒಂದೇ ಅಕ್ಷರ ಹಾಡುತ್ತಿದ್ದಂತೆ. ಅದರ ಮೇಲೆ ಗ್ಯಾಸಿನ ಹರಿವು. ಸ್ಕ್ರೂಡ್ರೈವರನ್ನು ಮೇಲೆ ಸರಿಸಿದೆ, ಫ್ರೀಜರಿನ ಹತ್ತಿರ ಒತ್ತಿದೆ. ಅಲ್ಲೂ ಅದೇ, ಸ್ವಲ್ಪ ತೆಳುವಾಗಿ. ಅದಕ್ಕೂ ಮೇಲಿನ ಸಣ್ಣ ದನಿಗೆ ಕಿವಿಗೊಟ್ಟರೆ ಏನೂ ಇರಲಿಲ್ಲ. ಮೆಟ್ಟಿಲು ಹತ್ತುತ್ತ ಹತ್ತುತ್ತ ಹೋಗಿ, ಮುಂದಿನ ಮೆಟ್ಟಿಲೇ ಇಲ್ಲದ ಜಾಗದಲ್ಲಿ ಕಾಲು ಎತ್ತಿ ನಿಂತ ಹಾಗಾಯಿತು. ನಾನು ಎಷ್ಟೋ ಹೊತ್ತು ಅಲ್ಲೇ ನಿಂತಿದ್ದೆ.

"ಸಿಕ್ತೇನು?" ಎಂದಳು ಅವಳು, ನನ್ನ ಹತ್ತಿರ ಬಂದು.

ನಾನು ಸ್ಕ್ರೂಡ್ರೈವರನ್ನು ಅವಳ ಕೈಗೆ ಕೊಟ್ಟೆ. ಎಲ್ಲಿ ಒತ್ತಬೇಕೆಂದು ತೋರಿಸಿದೆ. ಅವಳು ಕೂದಲು ಸರಿಸಿ ಹಿಡಿಕೆಯನ್ನು ಕಿವಿಯ ಹಿಂದೆ ಇಟ್ಟುಕೊಂಡಳು, ಮರುಕ್ಷಣವೇ ಬೆಚ್ಚಿ ಹಿಂದೆ ಸರಿದಳು.

"ಅವ್ವಯ್ಯ. ಕಿವ್ಯಾಗ ಸೂಜಿ ಹಾಕಿದಂಗಾತು."

ಮತ್ತೆ ಧೈರ್ಯ ಮಾಡಿ ಒತ್ತಿಕೊಂಡಳು. "ಇಲ್ಲೇ ಅದ. ಫ್ರೀಜರ್ ಹಿಂದ. ಏನೋ ತಿರಗತದ, ತಿರಗೂ ಮುಂದ ಎದಕ್ಕೋ ತಿಕ್ಕತದ. ನಿಮಗ ಖರೇನ ಕೇಳಸಂಗಿಲ್ಲೇನ್ರಿ?"

"ಇಲ್ಲ" ಎಂದೆ.

ಅವಳು ಸ್ಕ್ರೂಡ್ರೈವರನ್ನು ಕಟ್ಟೆಯ ಮೇಲಿಟ್ಟಳು. ನಾವಿಬ್ಬರೂ ಅಡುಗೆಮನೆಯ ಸಣ್ಣ ಮೇಜಿಗೆ ಕೂತೆವು. ಆಮೇಲೆ ಅವಳು ಒಂದೊಂದೇ ಕೇಳತೊಡಗಿದಳು. ಬಟ್ಟೆ ಒಗೆಯುವ ಮಷೀನು ಕೆಲಸ ಮುಗಿದಾಗ ಹಾಡುವುದು ಕೇಳಿಸುತ್ತದೆಯೇ? ಅದು ಹಾಡುತ್ತದೆಯೆಂದೇ ನನಗೆ ಗೊತ್ತಿರಲಿಲ್ಲ. ಬೆಳಿಗ್ಗೆ ಕಿಟಕಿಯಾಚೆಯ ಗುಲ್‌ಮೊಹರ್ ಮರದಲ್ಲಿ ಕೂಗುವ ಸಣ್ಣ ಹಕ್ಕಿ? ಇಲ್ಲ. ಹಾಲು ಉಕ್ಕುವ ಮೊದಲು ಪಾತ್ರೆಯ ಅಂಚು ಸುಯ್‌ಗುಡುವುದು? ಅದು ಮೊದಲು ಕೇಳಿಸುತ್ತಿತ್ತು ಎಂದು ನೆನಪಾಯಿತು. ಯಾವಾಗಿನಿಂದ ನಿಂತಿತೆಂದು ನೆನಪಾಗಲಿಲ್ಲ.

ಅವಳು ಬೆರಳಿನಿಂದ ಮೇಜಿನ ಮೇಲಿದ್ದ ನೀರಿನ ಹನಿಯನ್ನು ಎಳೆದೆಳೆದು ಗೆರೆ ಮಾಡುತ್ತಿದ್ದಳು.

"ಅಡಗಿಮನ್ಯಾಗಿಂದ ನಾ ಏನರೆ ಕೇಳತಿದ್ನಿ. ನೀವು ಹೊಳ್ಳಿ ನೋಡತಿದ್ದಿಲ್ಲ" ಎಂದಳು. "ಪೇಪರ್ ಓದಕೋತ ಸುಮ್ನ ಕೂಡತಿದ್ರಿ. ನಾ ಎರಡನೇ ಸಲ ಕೇಳೂದು ಬಿಟ್ಟಬಿಟ್ಟೆ. ನನ್ನ ಮಾತು ನಿಮಗ ಬ್ಯಾಡಾಗ್ಯಾವ ಅನಕೊಂಡಿದ್ನಿ."

"ಯಾವಾಗಿಂದ?"

"ಭಾಳ ವರ್ಷಾತು."

ಅಷ್ಟು ವರ್ಷ ಅವಳು ಕೇಳಿದ್ದು ನನ್ನವರೆಗೆ ಬಂದೇ ಇರಲಿಲ್ಲ. ಅವಳು ಮಾತೇ ಕಡಿಮೆ ಆಡುವವಳು ಎಂದು ನಾನು ತಿಳಿದಿದ್ದೆ. ಮೌನಪ್ರಿಯೆ ಎಂದು ನನ್ನ ಜೊತೆಗಾರರ ಮುಂದೆ ಹೇಳಿಕೊಂಡದ್ದೂ ಉಂಟು. ಒಂದೇ ಮನೆಯಲ್ಲಿ ಅವಳೊಂದು ಮನೆ, ನಾನೊಂದು ಮನೆ ಮಾಡಿಕೊಂಡು ಇದ್ದೆವು, ನಡುವಿನ ಗೋಡೆ ಕಾಣಿಸುವಂಥದಾಗಿರಲಿಲ್ಲ.

"ಬ್ಯಾಡಾಗಿರಲಿಲ್ಲ" ಎಂದೆ. "ಕೇಳಿಸೇ ಇಲ್ಲ ನನಗ."

"ಈಗ ತಿಳೀತಲ್ಲರಿ" ಎಂದು ಅವಳು ಕಣ್ಣೊರೆಸಿಕೊಂಡಳು. ಆಮೇಲೆ ಏನು ನೆನಪಾಯಿತೋ, ಸಣ್ಣಗೆ ನಕ್ಕಳು. "ನಾ ಬೈದದ್ದೂ ಕೇಳಿಸಿಲ್ಲಂದಂಗಾತು. ಅಷ್ಟ ಛೊಲೊ ಆತು."

ಮರುದಿನ ಫ್ರಿಜ್ಜಿನ ಕೆಲಸಕ್ಕೆ ಕೂತೆವು. ಅವಳು ಹೇಳಿದ ಜಾಗ, ಬಾಗಿಲು ತೆರೆದರೆ ನಿಲ್ಲುವುದು, ತಿರುಗುತ್ತ ತಿಕ್ಕುವುದು: ಮೂರನ್ನೂ ಕೂಡಿಸಿದಾಗ ನನಗೆ ಅರ್ಥವಾಗಿತ್ತು. ಫ್ರೀಜರಿನ ಹಿಂದೆ ಒಂದು ಪುಟ್ಟ ಫ್ಯಾನು ಇರುತ್ತದೆ, ತಂಪನ್ನು ಕೆಳಗೆ ತಳ್ಳಲು. ಬಾಗಿಲು ತೆರೆದ ಕೂಡಲೇ ಅದು ನಿಲ್ಲುತ್ತದೆ. ಅದರ ಸುತ್ತ ಹಿಮ ಕಟ್ಟಿ ರೆಕ್ಕೆ ಅದಕ್ಕೆ ತಾಗುತ್ತಿರಬೇಕು. ಅಷ್ಟು ಹಿಮ ಕಟ್ಟಬೇಕಾದರೆ ಹೊರಗಿನ ಗಾಳಿ ಎಲ್ಲಿಂದಲೋ ಒಳಗೆ ಹೋಗಿರಬೇಕು. ನಾನು ಬಾಗಿಲಿನ ರಬ್ಬರಿನ ಅಂಚಿಗೆ ಒಂದು ಕಾಗದದ ಚೂರು ಸಿಕ್ಕಿಸಿ ಬಾಗಿಲು ಮುಚ್ಚಿ ಎಳೆದು ನೋಡುತ್ತ ಬಂದೆ. ಎಲ್ಲ ಕಡೆ ಬಿಗಿಯಾಗಿ ಹಿಡಿಯಿತು. ಕೆಳಗಿನ ಮೂಲೆಯಲ್ಲಿ ಮಾತ್ರ ಕಾಗದ ಬೆಣ್ಣೆಯಿಂದ ಕೂದಲು ತೆಗೆದಷ್ಟು ಸಲೀಸಾಗಿ ಜಾರಿ ಬಂತು.

"ಅಕ್ಕನ ಮನಿಯವರು ಬಂದಾಗಿಂದು ಇದು" ಎಂದಳು ಅವಳು ಒಮ್ಮೆಲೇ.

ಹಿಂದಿನ ತಿಂಗಳು ನನ್ನ ಅಕ್ಕ, ಭಾವ, ಅವರ ಸಂಗಡಿಗರು ಜೇಜುರಿಯ ದೇವರಿಗೆ ಹೋಗುವ ದಾರಿಯಲ್ಲಿ ನಮ್ಮಲ್ಲಿ ಉಳಿದಿದ್ದರು. ಊರಿನಿಂದ ಮೊಸರಿನ ದೊಡ್ಡ ಪಾತ್ರೆ ತಂದಿದ್ದರು. ಫ್ರಿಜ್ಜಿನ ಕೆಳಗಿನ ಅಂಕಣದಲ್ಲಿ ಅದನ್ನು ತುರುಕಿ, ಬಾಗಿಲನ್ನು ಮೊಣಕಾಲಿನಿಂದ ದಬ್ಬಿ ದಬ್ಬಿ ಮುಚ್ಚುತ್ತಿದ್ದೆವು. ಅವರು ದರ್ಶನ ಮುಗಿಸಿ ಹಣೆ ತುಂಬ ಅರಿಷಿಣ ಬಳಿದುಕೊಂಡು ವಾಪಸು ಬರುವವರೆಗೂ ಆ ಪಾತ್ರೆ ಅಲ್ಲೇ ಇತ್ತು. ರಬ್ಬರು ಆಗಲೇ ಸೊಟ್ಟಗಾಗಿರಬೇಕು.

ಫ್ರಿಜ್ಜಿನ ಪ್ಲಗ್ಗು ತೆಗೆದೆವು. ಹಾಲು ಮೊಸರು ಆಜಿಯ ಫ್ರಿಜ್ಜಿಗೆ ಹೋದವು. ಹಕ್ಕಿಯ ನಿಜಸಂಗತಿ ಕೇಳಿ ಆಜಿಗೆ ಸ್ವಲ್ಪ ಬೇಸರವೇ ಆಯಿತು. ಅವರು ಅದಕ್ಕೆ ಹಾಕಲೆಂದು ಜೋಳದ ಕಾಳು ತೆಗೆದಿಟ್ಟಿದ್ದರಂತೆ. ಖಾಲಿಯಾದ ಫ್ರಿಜ್ಜಿನ ಎರಡೂ ಬಾಗಿಲು ತೆರೆದು, ಕೆಳಗೆ ಹಳೆಯ ಟವೆಲುಗಳನ್ನು ಹಾಸಿ, ನಾವು ಅದರ ಎದುರಿಗೇ ಚಾಪೆ ಹಾಕಿಕೊಂಡು ಕೂತೆವು. ಚಾಕು ಹಾಕಿ ಹಿಮ ಕೆತ್ತಲು ಹೋಗಬಾರದು, ಒಳಗಿನ ನಳಿಗೆ ತೂತಾದರೆ ಫ್ರಿಜ್ಜಿನ ಕತೆ ಅಲ್ಲಿಗೆ ಮುಗಿಯಿತು. ಅದು ತಾನಾಗಿ ಕರಗುವ ತನಕ ಕಾಯುವುದೇ ಕೆಲಸ.

ಬೆಳಗಿನಿಂದ ಸಂಜೆಯವರೆಗೆ ಅದು ಕರಗಿತು. ಮೊದಲು ಏನೂ ಆಗಲಿಲ್ಲ. ಆಮೇಲೆ ಫ್ರೀಜರಿನ ಹಿಂಗೋಡೆಯಿಂದ ಒಂದು ಹನಿ ಇಳಿಯಿತು, ಬಹಳ ಹೊತ್ತಿಗೆ ಇನ್ನೊಂದು. ಮಧ್ಯಾಹ್ನದ ಹೊತ್ತಿಗೆ ಒಳಗೆಲ್ಲೋ ಹಿಮದ ಹಾಳೆ ಜಾರಿ ಬಿದ್ದ ಸದ್ದಾಯಿತು. ಅದು ನನಗೂ ಕೇಳಿಸಿತು. ಬಿಸಿಲು ಪರದೆಯನ್ನು ದಾಟಿ ಬಂದು ಖಾಲಿ ಗಾಜಿನ ಹಲಗೆಗಳ ಮೇಲೆ ಬಿದ್ದು, ಅಡುಗೆಮನೆಯ ಗೋಡೆಯ ಮೇಲೆ ನೀರಿನ ನೆರಳು ಆಡತೊಡಗಿತು. ನಮ್ಮ ಮುಖದ ಮೇಲೆ ತಂಪು ಬೀಸುತ್ತಿತ್ತು. ಯಾವುದೋ ಹೊಳೆಯ ದಂಡೆಯಲ್ಲಿ ಬುತ್ತಿ ಕಟ್ಟಿಕೊಂಡು ಬಂದು ಕೂತವರ ಹಾಗೆ ನಾವು ಅಲ್ಲೇ ಕೂತು ಊಟ ಮಾಡಿದೆವು. ಅವಳು ನನ್ನ ಎಡಕ್ಕೆ ಕೂತಿದ್ದವಳು ಎದ್ದು ಬಲಕ್ಕೆ ಬಂದು ಕೂತಳು.

"ಬಲಗಿವಿ ಜರಾ ಛೊಲೊ ಇದ್ದಂಗ ಅದ ನಿಮ್ಮದು" ಎಂದಳು. "ನಿನ್ನೆಯಿಂದ ನೋಡಲಿಕ್ಕತ್ತೇನಿ."

ಆ ದಿನ ಅವಳು ಬಹಳ ಮಾತಾಡಿದಳು. ವಕೀಲರ ಕಚೇರಿಯ ಕತೆಗಳು, ಅವಳ ಜೊತೆ ಟೈಪು ಮಾಡುತ್ತಿದ್ದ ಗೆಳತಿಯ ಮದುವೆ ಮುರಿದುಬಿದ್ದದ್ದು, ಬಸ್ ನಿಲ್ದಾಣದಲ್ಲಿ ಒಮ್ಮೆ ಮಳೆಯಲ್ಲಿ ಸಿಕ್ಕಿಕೊಂಡು ಅಳು ಬಂದದ್ದು. ಇವನ್ನೆಲ್ಲ ಮೊದಲೇ ಒಂದು ಸಲ ಹೇಳಿದ್ದಳೋ ಏನೋ. ಹೌದೇ ಎಂದು ನಾನು ವಿಚಾರಿಸಲಿಲ್ಲ. ನನಗಂತೂ ಎಲ್ಲವೂ ಹೊಸದಾಗಿತ್ತು.

ಬಿಸಿನೀರಿನಲ್ಲಿ ಅದ್ದಿದ ಬಟ್ಟೆಯಿಂದ ಬಾಗಿಲಿನ ರಬ್ಬರನ್ನು ಅವಳು ಮೂಲೆಮೂಲೆಗೂ ಒರೆಸಿದಳು. ಬಿಸಿಗೆ ಮೆತ್ತಗಾದ ಮೇಲೆ ನಾನು ಸೊಟ್ಟಗಾಗಿದ್ದ ಜಾಗವನ್ನು ಬೆರಳಿನಿಂದ ಎಳೆದು ನೆಟ್ಟಗೆ ಮಾಡಿದೆ. ನೀರು ಹೋಗುವ ತೂತಿನಲ್ಲಿ ಕೊತ್ತಂಬರಿಯ ಒಂದು ಕಡ್ಡಿ ಸಿಕ್ಕಿಕೊಂಡಿತ್ತು, ಅದನ್ನೂ ತೆಗೆದೆವು. ಎಲ್ಲ ಒರೆಸಿ ಒಣಗಿಸಿ ಪ್ಲಗ್ಗು ಹಾಕಿದಾಗ ಫ್ರಿಜ್ಜು ಒಮ್ಮೆ ಮೈಮುರಿದು ಗುಂಯ್‌ಗುಟ್ಟಲು ಶುರುಮಾಡಿತು. ಕಾಗದದ ಚೂರು ಈಗ ಕೆಳಗಿನ ಮೂಲೆಯಲ್ಲೂ ಸಿಕ್ಕಿಕೊಂಡು ನಿಂತಿತು. ನಾನು ಅವಳ ಮುಖ ನೋಡಿದೆ. ಅವಳು ಕೇಳಿಸಿಕೊಂಡು ತಲೆಯಾಡಿಸಿದಳು. ಗುಬ್ಬಿ ಹಾರಿಹೋಗಿತ್ತು.

ಕಿವಿಯ ಪರೀಕ್ಷೆಗೆ ಹೋಗಲು ನಾನು ಸ್ವಲ್ಪ ದಿನ ಹಿಂದೆಮುಂದೆ ನೋಡಿದೆ. ಅವಳು ಒತ್ತಾಯ ಮಾಡಲಿಲ್ಲ. ಒಂದು ದಿನ ಬೆಳಿಗ್ಗೆ ಇಸ್ತ್ರಿ ಮಾಡಿದ ಅಂಗಿ ತಂದು ಮಂಚದ ಮೇಲಿಟ್ಟು, "ನಡೀರಿ" ಎಂದಳು, ಅಷ್ಟೇ. ಕಿವಿ ನೋಡುವಾಕೆ ಎಳೆಯ ಹುಡುಗಿ. ಗಾಜಿನ ಸಣ್ಣ ಕೋಣೆಯಲ್ಲಿ ನನ್ನನ್ನು ಕೂಡಿಸಿ, ಕಿವಿಗೆ ದೊಡ್ಡ ಬಟ್ಟಲುಗಳಂಥದ್ದನ್ನು ಹಾಕಿ, ಸದ್ದು ಕೇಳಿಸಿದಾಗಲೆಲ್ಲ ಗುಂಡಿ ಒತ್ತಬೇಕು ಎಂದಳು. ಮೊದಮೊದಲು ಒತ್ತುತ್ತ ಹೋದೆ. ಆಮೇಲೆ ನೀರಿನೊಳಗೆ ಮುಳುಗಿದ ಹಾಗಾಯಿತು. ಗಾಜಿನ ಆಚೆ ಆಕೆ ಏನೋ ತಿರುಗಿಸುತ್ತಲೇ ಇದ್ದಳು, ಪಕ್ಕದಲ್ಲಿ ನನ್ನ ಹೆಂಡತಿ ಕೈಚೀಲ ಅವುಚಿಕೊಂಡು ನನ್ನನ್ನೇ ನೋಡುತ್ತಿದ್ದಳು. ನನ್ನ ಬೆರಳು ಗುಂಡಿಯ ಮೇಲೆ ಸುಮ್ಮನೆ ಕೂತಿತ್ತು.

ಹೊರಗೆ ಬಂದಾಗ ಆಕೆ ಗೆರೆ ಎಳೆದ ಹಾಳೆಯೊಂದನ್ನು ತೋರಿಸಿದಳು. ಗೆರೆ ಸ್ವಲ್ಪ ದೂರ ನೆಟ್ಟಗೆ ಬಂದು, ಆಮೇಲೆ ಘಾಟಿನ ಇಳಿಜಾರಿನ ಹಾಗೆ ಕೆಳಗಿಳಿದಿತ್ತು. "ಕಾಕಾ, ಯಂತ್ರಗಳ ಹತ್ತಿರ ಕೆಲಸ ಮಾಡುತ್ತಿದ್ದಿರಾ?" ಎಂದು ಮರಾಠಿಯಲ್ಲಿ ಕೇಳಿದಳು. ಹೌದು ಎಂದೆ. ದಪ್ಪ ಸದ್ದು ಉಳಿದಿದೆ, ಸಣ್ಣ ಸದ್ದು ಹೋಗಿದೆ, ಹೋದದ್ದು ತಾನಾಗಿ ಬರುವುದಿಲ್ಲ, ಕಿವಿಗೆ ಮಷೀನು ಹಾಕಿಕೊಂಡರೆ ಸಾಕಷ್ಟು ಕೇಳಿಸುತ್ತದೆ ಎಂದಳು. ಹೆಂಗಸರ ದನಿ, ಹಕ್ಕಿಗಳ ದನಿ ಮೊದಲು ಹೋಗುತ್ತವೆ ಎಂದೂ ಹೇಳಿದಳು. ನನ್ನ ಹೆಂಡತಿ ಅದನ್ನು ಕೇಳಿ ನನ್ನ ಭುಜದ ಮೇಲೆ ಕೈಯಿಟ್ಟಳು.

ಮಷೀನು ಬಂದ ದಿನ ರಸ್ತೆಗಿಳಿದಾಗ ಲೋಕವೆಲ್ಲ ಗರಿಗರಿಯಾಗಿ ಸಿಡಿಯುತ್ತಿದೆ ಅನ್ನಿಸಿತು. ನನ್ನ ಅಂಗಿಯ ತೋಳು ಮೈಗೆ ತಾಗಿದರೆ ಸದ್ದು. ಚಪ್ಪಲಿಯ ಕೆಳಗಿನ ಮರಳಿಗೆ ಸದ್ದು. ರಿಕ್ಷಾದಲ್ಲಿ ಕೂತಾಗ ಹೆಂಡತಿಯ ಬಳೆಗಳು ಒಂದಕ್ಕೊಂದು ತಾಗಿ ಏನೇನೋ ಮಾತಾಡುತ್ತಿದ್ದವು. ಅವಳ ದನಿ ಬೇರೆಯದಾಗಿತ್ತು. ಇಷ್ಟು ವರ್ಷ ನಾನು ಕೇಳುತ್ತಿದ್ದದ್ದು ಅದರ ಕೆಳಗಿನ ಅರ್ಧ; ಮೇಲಿನ ಅರ್ಧದಲ್ಲಿ ಒಂದು ಸಣ್ಣ ಬಿರುಕು, ಸ್ವಲ್ಪ ನಗೆ, ಅವಳ ತಾಯಿಯ ದನಿಯ ನೆರಳು ಎಲ್ಲ ಇದ್ದವು. ಮನೆಗೆ ಬಂದು ಫ್ರಿಜ್ಜಿನ ಮುಂದೆ ನಿಂತೆ. ಗುಂಯ್‌ಗುಡುವಿಕೆಯ ಮೇಲೆ, ಒಳಗಿನ ಫ್ಯಾನು ರೇಷ್ಮೆ ಎಳೆದಂತೆ ತಿರುಗುತ್ತಿತ್ತು.

"ಆ ಗುಬ್ಬಿ ಹೆಂಗ ಕೂಗತಿತ್ತು?" ಎಂದು ಅವಳನ್ನು ಕೇಳಿದೆ.

ಅವಳು ನಾಚಿಕೊಂಡು ಬೇಡವೆಂದಳು. ಮತ್ತೆ ಕೇಳಿದ್ದಕ್ಕೆ, ತುಟಿ ಒಟ್ಟು ಮಾಡಿ ಸಣ್ಣಗೆ ಕೂಗಿ ತೋರಿಸಿದಳು. ಆ ಸದ್ದನ್ನು ನಾನು ಕೇಳಿದ್ದು ಅಷ್ಟೇ, ಅವಳ ಬಾಯಿಂದ.

ಮೇ ಕೊನೆಯಲ್ಲಿ, ಮಳೆಗೆ ಮೊದಲು ಆಕಾಶ ತುಂಬ ಮೋಡ ಮುಚ್ಚಿದ ಒಂದು ಮಧ್ಯಾಹ್ನ ಕರೆಂಟು ಹೋಯಿತು. ಫ್ಯಾನು ನಿಂತಿತು, ಫ್ರಿಜ್ಜು ಒಮ್ಮೆ ನಡುಗಿ ಸುಮ್ಮನಾಯಿತು. ಇಡೀ ಕಟ್ಟಡವೇ ಉಸಿರು ಹಿಡಿದ ಹಾಗಿತ್ತು. ನಾನು ಕುರ್ಚಿಯಲ್ಲಿದ್ದೆ, ಮಷೀನು ತೆಗೆದಿಡುವುದನ್ನು ಮರೆತಿದ್ದೆ. ಅವಳು ಮತ್ತೆ ಹೊಸ್ತಿಲ ಹತ್ತಿರಕ್ಕೆ ತಂದ ಚಾಪೆಯ ಮೇಲೆ ಆ ಕಡೆ ಹೊರಳಿ ಮಲಗಿದ್ದಳು. ಆ ಮೌನದೊಳಗೆ ನನಗೊಂದು ಸದ್ದು ಕೇಳಿಸಿತು. ಸಣ್ಣದು, ಒಂದೇ ತಾಳದ್ದು, ಏರಿ ಇಳಿಯುವಂಥದು. ಎಲ್ಲಿಂದ ಬರುತ್ತಿದೆಯೆಂದು ಕಿಟಕಿಯ ಕಡೆ ನೋಡಿದೆ, ಬಾಗಿಲಿನ ಕಡೆ ನೋಡಿದೆ. ಆಮೇಲೆ ತಿಳಿಯಿತು. ನನ್ನ ಹೆಂಡತಿ ಗೊರಕೆ ಹೊಡೆಯುತ್ತಿದ್ದಳು. ಬಹಳ ಮೆತ್ತಗೆ, ದೂರದಲ್ಲಿ ಯಾರೋ ಮರ ಕೊಯ್ದಂತೆ.

ಸಂಜೆ ಚಹಾ ಕುಡಿಯುವಾಗ ಅವಳಿಗೆ ಅದನ್ನು ಹೇಳಿದೆ.

"ನಾ ಎಂದೂ ಹೊಡಿಯಂಗಿಲ್ಲ" ಎಂದಳು ಅವಳು, ಬಟ್ಟಲಿನಿಂದ ತಲೆ ಎತ್ತದೆ. "ಆ ಮಷೀನ್ ಸರಿ ಇಲ್ಲ ನಿಮ್ಮದು."